ಐದೂವರೆಯ ನಂತರದ ತೆರಿಗೆ

1997ರಲ್ಲಿ ನಾನು ಶಿವಾಜಿನಗರದ ಒಂದು ಆಡಿಟರ್ ಕಚೇರಿಯಲ್ಲಿ ಹಿರಿಯ ಗುಮಾಸ್ತೆ. ವಯಸ್ಸು ಮೂವತ್ತೊಂಬತ್ತು. ಹಲಸೂರಿನ ಮಿಲಿಟರಿ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು, ಅಪ್ಪ ಸುಬೇದಾರ್. ನಮ್ಮ ಮನೆಯಲ್ಲಿ ಊಟ, ಓದು, ನಿದ್ದೆ ಎಲ್ಲಕ್ಕೂ ಹೊತ್ತು ನಿಗದಿಯಾಗಿತ್ತು.

ಕಚೇರಿಯ ಶಿಸ್ತು ಮಾತ್ರ ಒಂದೇ ಕಡೆಯದು. ಬೆಳಿಗ್ಗೆ ತಡವಾದರೆ ಮಾತು ಕೇಳಬೇಕು. ಕೆಲಸ ಐದೂವರೆವರೆಗೆ ಎಂದು ನೇಮಕದ ಪತ್ರದಲ್ಲಿದ್ದರೂ ಆಡಿಟರ್ ಸರ್ ಕುರ್ಚಿಯಿಂದ ಏಳುವ ಮೊದಲು ಯಾರೂ ಏಳುವಂತಿರಲಿಲ್ಲ. ಅವರು ಸುಮ್ಮನೆ ಪೇಪರ್ ಓದುತ್ತಿದ್ದರೂ ನಾವು ಪೆನ್ ಹಿಡಿದು ಕೂತಿರಬೇಕು.

ಆ ವರ್ಷ ಕಾಸ್ಟ್ ಅಕೌಂಟೆನ್ಸಿಯ ಇಂಟರ್ ಪರೀಕ್ಷೆಗೆ ಕಟ್ಟಿದೆ. ಬೇರೆಲ್ಲ ವಿಷಯ ಸ್ವಂತವಾಗಿ ಓದಿಕೊಳ್ಳಬಲ್ಲವಳಾಗಿದ್ದೆ. ಟ್ಯಾಕ್ಸೇಶನ್‌ಗೆ ಮೇಷ್ಟ್ರು ಬೇಕಿತ್ತು. ಸರ್‌ಗೆ ತಿಳಿಸಿದೆ.

“ಟ್ಯಾಕ್ಸ್ ನಿಮಗ್ಯಾಕ್ರೀ ಕಮಲಾ? ಹೋದ ವರ್ಷದ ಫೈಲ್ ನೋಡ್ಕೊಂಡು ತುಂಬಿದ್ರೆ ಆಯ್ತಲ್ಲ!”

ನಾವು ರಿಟರ್ನ್ ತುಂಬುತ್ತಿದ್ದದ್ದೇ ಹಾಗೆ. ಆ ಮಾತೇ ನನ್ನನ್ನು ರಿಚರ್ಡ್ಸ್ ಟೌನ್‌ಗೆ ಅಟ್ಟಿತು. ಅಲ್ಲಿ ತೆರಿಗೆ ಇಲಾಖೆಯಿಂದ ನಿವೃತ್ತರಾದ ಒಬ್ಬರು ಬೇಕರಿಯೊಂದರ ಮಹಡಿಯಲ್ಲಿ ಪಾಠ ಮಾಡುತ್ತಿದ್ದರು. ಮೊದಲ ಪಾಠ ಭಾನುವಾರ. ಬೋರ್ಡಿನ ಮೇಲೆ ಸಂವಿಧಾನದ 265ನೇ ವಿಧಿ ಬರೆದರು: ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ, ವಸೂಲಿ ಮಾಡುವಂತಿಲ್ಲ.

ಸೋಮವಾರದಿಂದ ತರಗತಿ ಸಂಜೆ ಆರಕ್ಕೆ. ಸರ್ ಎದ್ದ ಮೇಲೆ ಹೊರಟು ನಾನು ತಲುಪುವಾಗ ಪಾಠ ಅರ್ಧ ಮುಗಿದಿರುತ್ತಿತ್ತು. ಮೊದಲ ಟೆಸ್ಟ್‌ನಲ್ಲಿ ಲೆಕ್ಕಕ್ಕೆ ಕೊಟ್ಟಿದ್ದ ವ್ಯಕ್ತಿಯ ಆದಾಯವನ್ನೆಲ್ಲ ಕೂಡಿಸಿ ತೆರಿಗೆ ಹಾಕಿಬಿಟ್ಟೆ. ಸಿಕ್ಕಿದ್ದು ಸೊನ್ನೆ.

“ಈ ಮನುಷ್ಯ ಆ ವರ್ಷ ಎಲ್ಲಿದ್ದ ಅಂತ ನೋಡಿದ್ರೇನಮ್ಮಾ?” ಎಂದರು ಮೇಷ್ಟ್ರು. ಆತ ಹೆಚ್ಚು ದಿನ ದುಬೈನಲ್ಲಿದ್ದವನು. ದೇಶದಲ್ಲಿ ಎಷ್ಟು ದಿನ ಇದ್ದ ಎಂಬುದರ ಮೇಲೆ ಅವನ ‘ರೆಸಿಡೆನ್ಷಿಯಲ್ ಸ್ಟೇಟಸ್’ ಗೊತ್ತುಮಾಡಬೇಕು. ಹೊರಗಿನ ಸಂಪಾದನೆಗೆ ಇಲ್ಲಿ ತೆರಿಗೆ ಉಂಟೋ ಇಲ್ಲವೋ ಎಂಬುದು ಅದಾದ ಮೇಲೆ.

“ನಮ್ಮ ಆಫೀಸಿನ ಕ್ಲೈಂಟ್‌ಗಳೆಲ್ಲ ಇಲ್ಲೇ ಇರ್ತಾರೆ ಸರ್.”

ತರಗತಿ ಗೊಳ್ಳೆಂದಿತು. ಮೇಷ್ಟ್ರು ನಗಲಿಲ್ಲ. “ಪರೀಕ್ಷೆ ಬರೀತಿರೋದು ನಿಮ್ಮ ಆಫೀಸಲ್ಲ, ನೀವು. ನಾಳೆಯಿಂದ ಆರಕ್ಕೆ ಬನ್ನಿ. ಆಗಲ್ಲ ಅಂದ್ರೆ ಸೀಟು ಬೇರೆಯವರಿಗೆ ಬಿಡಿ.”

ಮರುದಿನ ಐದೂವರೆಗೆ ಪೆನ್ ಮುಚ್ಚಿ ಎದ್ದೆ. ಟೈಪಿಸ್ಟ್ ಸೆಲ್ವಿ ನನ್ನ ಸೆರಗು ಜಗ್ಗಿದಳು. “ಅಯ್ಯೋ ಅಕ್ಕಾ, ಕೂತ್ಕೊಳ್ಳಿ. ಸರ್ ನೋಡ್ತವ್ರೆ!”

ಸರ್ ಪೇಪರ್ ಇಳಿಸಿದರು. “ಈಗ ಹೋದ್ರೆ ನಾಳೆ ಬರ್ಬೇಡಿ.”

“ಇವತ್ತಿನ ಫೈಲೆಲ್ಲ ಮುಗಿಸಿ ನಿಮ್ಮ ಮೇಜಿನ ಮೇಲಿಟ್ಟಿದ್ದೀನಿ ಸರ್,” ಎಂದು ಮೆಟ್ಟಿಲಿಳಿದೆ. ಮನೆ ನಡೆಯುತ್ತಿದ್ದದ್ದು ಆ ಸಂಬಳದಲ್ಲೇ. ಆದರೂ ಆರಕ್ಕೆ ಮೊದಲೇ ತರಗತಿಯಲ್ಲಿದ್ದೆ.

ಬೆಳಿಗ್ಗೆ ಎಂದಿನ ಹೊತ್ತಿಗೆ ಹೋಗಿ ನನ್ನ ಜಾಗದಲ್ಲಿ ಕೂತೆ.

“ಬರ್ಬೇಡಿ ಅಂದಿದ್ನಲ್ಲ?”

“ಕೆಲಸದಿಂದ ತೆಗೆಯೋದಾದ್ರೆ ಕಾಗದದಲ್ಲಿ ಬರ್ಕೊಡಿ ಸರ್. ಐದೂವರೆ ಆದ್ಮೇಲೆ ಕೂರ್ಬೇಕು ಅಂತ ಎಲ್ಲಿದೆ, ಅದನ್ನೂ ಬರ್ಕೊಡಿ.”

ಸರ್ ಒಂದು ಫೈಲನ್ನು ನನ್ನ ಮೇಜಿನ ಮೇಲೆ ಎಸೆದರು. ಕಾಗದ ಬರಲೇ ಇಲ್ಲ. ಆ ವರ್ಷದ ಸಂಬಳ ಏರಿಕೆಯೂ ಬರಲಿಲ್ಲ. ಟ್ಯಾಕ್ಸೇಶನ್ ಎರಡನೇ ಸಲಕ್ಕೆ ಪಾಸಾಯಿತು. ಅಷ್ಟರಲ್ಲಿ ಸೆಲ್ವಿಯೂ ಐದೂವರೆಗೆ ಟೈಪ್‌ರೈಟರ್‌ಗೆ ಕವರ್ ಹಾಕಿ ಹೊರಡತೊಡಗಿದ್ದಳು.

ಕಾನೂನಿನಲ್ಲಿ ಇಲ್ಲದ್ದನ್ನು ಕೇಳುವವರಿಗೆ ‘ಎಲ್ಲಿದೆ, ತೋರಿಸಿ’ ಎನ್ನುವುದನ್ನು ಈ ವೃತ್ತಿ ನನಗೆ ಕಲಿಸಿತು. ಮುಂದೆ ಇಂದಿರಾನಗರದಲ್ಲಿ ಸ್ವಂತ ಕಚೇರಿ ತೆರೆದೆ. ಅಲ್ಲಿ ಐದೂವರೆಯಾದೊಡನೆ ಎಲ್ಲರಿಗಿಂತ ಮೊದಲು ಕುರ್ಚಿಯಿಂದ ಏಳುತ್ತಿದ್ದವಳು ನಾನೇ. ನನ್ನ ಕೆಲಸ ಉಳಿದಿದ್ದರೆ ಬೀದಿಯ ತುದಿಯವರೆಗೆ ನಡೆದು, ಎಲ್ಲರೂ ಹೊರಟ ಮೇಲೆ ಹಿಂತಿರುಗಿ ಕೂರುತ್ತಿದ್ದೆ.