ಎರಡೂ ಕಡೆ ಮಾತಾಡುವವಳ ಭಾನುವಾರ

ನನ್ನ ಬರವಣಿಗೆಗೆ ಮೂರನೆಯ ಪ್ಯಾರಾದಲ್ಲಿ ಗಂಡಾಂತರವಿದೆ. ಮೊದಲನೆಯದು ಸಲೀಸಾಗಿ ಬರುತ್ತದೆ. ಎರಡನೆಯದು ಒಂದು ಲೋಟ ಚಹಾದ ಬಲದಿಂದ ಬರುತ್ತದೆ. ಮೂರನೆಯದಕ್ಕೆ ಪೆನ್ನು ಊರುವಷ್ಟರಲ್ಲಿ ನನ್ನೊಳಗಿಂದಲೇ ಒಬ್ಬಳು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ‘ಮಾನ್ಯ ಅಧ್ಯಕ್ಷರೇ, ಈಗ ತಾನೇ ಮಾತಾಡಿದ ಗೆಳತಿಯ ಜಾಣತನವನ್ನು ಮೆಚ್ಚುತ್ತೇನೆ, ವಿಚಾರವನ್ನಲ್ಲ’ ಎನ್ನುತ್ತಾಳೆ. ಆ ಗೆಳತಿ ನಾನೇ, ಎದ್ದು ನಿಂತವಳೂ ನಾನೇ. ಅಧ್ಯಕ್ಷರ ಕುರ್ಚಿ ಮಾತ್ರ ಖಾಲಿ. ಹಾಗಾಗಿ ತೀರ್ಪು ಬರುವುದಿಲ್ಲ, ಪ್ರಬಂಧವೂ ಮುಗಿಯುವುದಿಲ್ಲ.

ಬರೆಯಲು ನನಗೆ ಸಿಗುತ್ತಿದ್ದುದು ಭಾನುವಾರ ಮಾತ್ರ. ವಾರವೆಲ್ಲ ಹೊಸಪೇಟೆಯ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳುತ್ತೇನೆ. ಆ ಒಂದು ದಿನವೂ ಪೂರ್ತಿ ನನ್ನದಾಗಿರಲಿಲ್ಲ. ಹೊಸಪೇಟೆಯಲ್ಲಿ ಮನೆ ಮಾಡಿದ ತಪ್ಪಿಗೆ ನೆಂಟರನ್ನು ಹಂಪಿಗೆ ಕರೆದೊಯ್ಯಬೇಕು, ಆನೆ ಸಾಲಿನ ಮುಂದೆ ನಿಲ್ಲಿಸಿ ಫೋಟೋ ತೆಗೆಯಬೇಕು, ಬರುವಾಗ ಒಗ್ಗರಣೆ ಮಂಡಾಳು, ಮಿರ್ಚಿ ತಿನ್ನಿಸಬೇಕು. ಇತಿಹಾಸದ ಮೇಡಮ್ಮು ಅಂತ ಅವರೇನಾದರೂ ಕೇಳಿದರೆ ‘ಹೀಗೂ ಹೇಳುತ್ತಾರೆ, ಹಾಗೂ ಹೇಳುತ್ತಾರೆ’ ಎನ್ನುತ್ತೇನೆ. ಮುಂದಿನ ಸಲ ಅವರು ದುಡ್ಡು ಕೊಟ್ಟು ಗೈಡನ್ನೇ ಹಿಡಿಯುತ್ತಾರೆ. ಅವನು ಒಂದೇ ಕಥೆ ಹೇಳುತ್ತಾನೆ, ಗಟ್ಟಿಯಾಗಿ ಹೇಳುತ್ತಾನೆ.

ಈ ರೋಗ ಹತ್ತಿದ್ದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ. ನಮ್ಮ ಕಡೆಯ ಪದ್ಧತಿ ನಿಮಗೂ ಗೊತ್ತಿರಬಹುದು. ಒಂದು ಕಾಲೇಜಿನಿಂದ ಇಬ್ಬರು ಹೋಗಬೇಕು, ಒಬ್ಬರು ಪರ, ಒಬ್ಬರು ವಿರೋಧ. ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಡಬ್ಬಿಯ ಬುತ್ತಿ ತಿನ್ನುತ್ತ ಹೋಗಿ, ವೇದಿಕೆಯ ಮೇಲೆ ಪರಸ್ಪರರ ಮಾನ ಕಳೆದು, ಇಬ್ಬರ ಅಂಕ ಕೂಡಿಸಿ ಬಂದ ಫಲಕವನ್ನು ಜೊತೆಯಾಗಿ ಹೊತ್ತು ತರಬೇಕು. ಯಾರು ಯಾವ ಕಡೆ ಎಂಬುದು ಬೆಳಿಗ್ಗೆ ಚೀಟಿ ಎತ್ತಿದಾಗ ಗೊತ್ತಾಗುತ್ತಿತ್ತು. ನಮ್ಮನ್ನು ತಯಾರು ಮಾಡುತ್ತಿದ್ದ ಉಪನ್ಯಾಸಕರು ಒಂದು ಮಾತು ಕಲಿಸಿದ್ದರು: ಎದುರಿನವರು ಬಾಯಿ ತೆರೆಯುವ ಮೊದಲೇ ಅವರ ಮಾತನ್ನು ಅವರಿಗಿಂತ ಚೆನ್ನಾಗಿ ನೀನೇ ಆಡಿಬಿಡು. ‘ಗಣಿಗಾರಿಕೆ ವರವೋ ಶಾಪವೋ’ ಎಂಬ ವಿಷಯಕ್ಕೆ ಸಂಡೂರಿನಲ್ಲಿ ವರವೆಂದು ಬಹುಮಾನ ತಂದೆ, ಬಳ್ಳಾರಿಯಲ್ಲಿ ಶಾಪವೆಂದು. ‘ಶಿಕ್ಷಣ ಮಾತೃಭಾಷೆಯಲ್ಲೇ ಇರಬೇಕು’ ಎಂಬುದನ್ನು ಎಷ್ಟು ಸಲ ಎತ್ತಿ ನಿಲ್ಲಿಸಿದೆನೋ ಅಷ್ಟೇ ಸಲ ಕೆಡವಿದ್ದೇನೆ. ಎರಡಕ್ಕೂ ಚಪ್ಪಾಳೆ ಒಂದೇ ಥರ ಬಿದ್ದಿತ್ತು. ಸಂಶಯಕ್ಕೆ ಇದಕ್ಕಿಂತ ಒಳ್ಳೆಯ ಗೊಬ್ಬರ ಬೇಕೇ?

ಇನ್ನು ವ್ಯಾಕರಣ. ಏಳನೆಯ ತರಗತಿಯವರೆಗೆ ನಾನು ಕಂಪ್ಲಿಯ ಕನ್ನಡ ಶಾಲೆಯವಳು. ಅಲ್ಲಿ ಸಂಧಿಗಳನ್ನು ಕೈತಾಳ ಹಾಕಿ ಹೇಳಿಸುತ್ತಿದ್ದರು. ಲೋಪ, ಆಗಮ, ಆದೇಶ ಎಂದು ಇಡೀ ತರಗತಿ ಕೂಗಿದರೆ ಹೊರಗೆ ಭತ್ತದ ಬಂಡಿಯ ಎತ್ತುಗಳು ಕಿವಿ ನಿಮಿರಿಸುತ್ತಿದ್ದವು. ಎಂಟನೆಯದಕ್ಕೆ ಹೊಸಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆ. ಅಲ್ಲಿ ತಾಳವಿಲ್ಲ, ಬರೀ ರಿಪೇರಿ: ಈ ವಾಕ್ಯವನ್ನು ಆ ವಾಕ್ಯ ಮಾಡಿ, ಕರ್ತರಿಯನ್ನು ಕರ್ಮಣಿಗೆ ತಿರುಗಿಸಿ. ರಾಮ ಮಾವಿನಹಣ್ಣು ತಿಂದರೆ ಸಾಲದು, ಹಣ್ಣು ರಾಮನಿಂದ ತಿನ್ನಲ್ಪಡಬೇಕು. ಆ ಕರ್ಮಣಿ ನನ್ನ ಕನ್ನಡಕ್ಕೂ ಹತ್ತಿಕೊಂಡಿತು. ಉಪ್ಪಿನಕಾಯಿ ಭರಣಿ ಒಡೆದ ದಿನ ಅದು ಒಡೆಯಲ್ಪಟ್ಟಿತು ಎಂದು ಅವ್ವನಿಗೆ ಹೇಳಿ ನೋಡಿದೆ. ಅವ್ವ ಕರ್ತೃವನ್ನು ಕಿವಿ ಹಿಡಿದೇ ಹುಡುಕಿದಳು.

ಈಗ ಯೋಚಿಸಿದರೆ ನಮ್ಮ ಸೀಮೆಗೆ ಆ ಪ್ರಯೋಗ ಚೆನ್ನಾಗಿ ಒಗ್ಗಿದೆ ಅನಿಸುತ್ತದೆ. ಗುಡ್ಡ ಅಗೆಯಲಾಗಿದೆ, ಅದಿರು ಸಾಗಿಸಲಾಗುತ್ತಿದೆ, ರಸ್ತೆ ಹಾಳಾಗಿದೆ. ಇಷ್ಟು ಲಾರಿಗಳು ಸಾಲುಗಟ್ಟಿ ನಿಂತ ಊರಿನಲ್ಲಿ ಒಂದು ವಾಕ್ಯಕ್ಕಾದರೂ ಕರ್ತೃವಿಲ್ಲ. ಬರೆಯುವಾಗ ನಾನೂ ಅಲ್ಲೇ ಅಡಗಿಕೊಳ್ಳುತ್ತೇನೆ. ‘ನನಗೆ ಹೀಗನಿಸುತ್ತದೆ’ ಎಂದು ಬರೆಯುವ ಕಡೆ ‘ಹೀಗೆಂದು ಭಾವಿಸಲಾಗುತ್ತದೆ’ ಎಂದು ಬರೆದರೆ ಎಷ್ಟು ನಿರಾಳ!

ಅಡಗಿಕೊಂಡವಳನ್ನು ಹೊರಗೆ ಎಳೆದದ್ದು ಕಂಪ್ಲಿಯ ನನ್ನ ಅಕ್ಕ ಮತ್ತು ಭಾವ.

ಅದಿರಿನ ದರ ಏರಿದ ಆ ವರ್ಷಗಳಲ್ಲಿ ನಮ್ಮ ಕಡೆ ಲಾರಿಗಳಷ್ಟೇ ವೇಗವಾಗಿ ಹೆಚ್ಚಿದ್ದು ಇಂಗ್ಲಿಷ್ ಶಾಲೆಗಳು. ಕಟ್ಟಡಕ್ಕೆ ಸುಣ್ಣ ಬೀಳುವ ಮೊದಲೇ ಇಂಟರ್‌ನ್ಯಾಷನಲ್ ಎಂಬ ಬೋರ್ಡು ಬೀಳುತ್ತಿತ್ತು. ಒಂದು ಶಾಲೆಯಲ್ಲಿ ನಾನು ಕೇಳಿ ನೋಡಿದ್ದೆ, ಅತಿ ದೂರದಿಂದ ಬಂದ ವಿದ್ಯಾರ್ಥಿ ಸಿರುಗುಪ್ಪದವನು. ಬೆಳಿಗ್ಗೆ ಬಿಳಿ ಸಮವಸ್ತ್ರದಲ್ಲಿ ಹೋದ ಮಕ್ಕಳು ಸಂಜೆ ಕೆಂಪಾಗಿ ಬರುತ್ತಿದ್ದರು. ದೂಳಿಗೆ ಮೀಡಿಯಂ ಗೊತ್ತಾಗುವುದಿಲ್ಲ.

ಭಾವ ವೀರೇಶನದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಒಬ್ಬಳೇ ಮಗಳು ಚೈತ್ರಾ ಅಲ್ಲಿನ ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ ಮುಗಿಸಿದ್ದಳು. ಸಂಡೂರಿನ ಗುಡ್ಡದ ಬುಡದಲ್ಲಿ ಹೊಸದಾಗಿ ಆದ ಒಂದು ಇಂಗ್ಲಿಷ್ ವಸತಿ ಶಾಲೆಯ ಪರೀಕ್ಷೆ ಬರೆಸಿದ್ದರು, ಸೀಟು ಸಿಕ್ಕಿತ್ತು. ಮುಂದಿನ ಸೋಮವಾರ ಹೋಗಿ ಸೇರದಿದ್ದರೆ ಅದು ಬೇರೆಯವರಿಗೆ. ಭಾವನಿಗೆ ಕಳಿಸಲೇಬೇಕೆಂಬ ಹಟ. ಇಂಗ್ಲಿಷ್ ಬರದೆ ತಾನು ಆಫೀಸುಗಳ ಬಾಗಿಲಲ್ಲಿ ಕೈಕಟ್ಟಿ ನಿಂತದ್ದು ಸಾಕಾಗಿತ್ತು ಅವನಿಗೆ. ಅಕ್ಕ ಅನ್ನಪೂರ್ಣಳಿಗೆ ಕಳಿಸಬಾರದೆಂಬ ಹಟ. ಹಾಸ್ಟೆಲ್ಲಿನಲ್ಲಿ ಕೂಸಿನ ತಲೆ ಬಾಚುವವರು ಯಾರು ಎಂಬುದು ಅವಳ ಮೊದಲ ಪ್ರಶ್ನೆ. ಜಗಳ ಎಲ್ಲಿಗೆ ಮುಟ್ಟಿತೆಂದರೆ ಗಂಡ ಹೆಂಡತಿ ಮಾತು ಬಿಟ್ಟರು. ಊಟಕ್ಕೆ ಬರಲು ನಿಮ್ಮಪ್ಪಗೆ ಹೇಳು ಎಂದು ಅವಳು, ಹಸಿವಿಲ್ಲ ಅಂತ ನಿಮ್ಮವ್ವಗೆ ಹೇಳು ಎಂದು ಅವನು. ಯಾವ ಹುಡುಗಿಗಾಗಿ ಜಗಳವೋ ಆ ಹುಡುಗಿಯೇ ನಡುವೆ ಟಪಾಲು.

ಆ ವಾರ ಅಕ್ಕ ಹೊಸಪೇಟೆಗೆ ನನ್ನ ಹತ್ತಿರ ಅಳಲು ಬಂದಳು. ಅಳುವವಳನ್ನು ಬೇರೆ ಯಾರಾದರೂ ಸಮಾಧಾನ ಮಾಡುತ್ತಿದ್ದರು. ನಾನು ತಯಾರು ಮಾಡಲು ಕೂತೆ. ಎದುರಿನವರ ವಾದ ಇವಳಿಗೆ ಗೊತ್ತಿದ್ದರೆ ಖಂಡಿಸಲು ಸುಲಭ ಎಂದುಕೊಂಡು ಇಂಗ್ಲಿಷ್ ಶಾಲೆಯ ಪರವಾಗಿ ಏನೇನು ಹೇಳಬಹುದೋ ಅದೆಲ್ಲವನ್ನೂ ಬಿಡಿಸಿ ಹೇಳಿದೆ. ಖಂಡನೆಯ ಭಾಗಕ್ಕೆ ಬರುವಷ್ಟರಲ್ಲಿ ಕಂಪ್ಲಿ ಬಸ್ಸಿಗೆ ಹೊತ್ತಾಯಿತು. ಎರಡು ದಿನ ಬಿಟ್ಟು ಭಾವ ಗಿರಣಿಯ ಬೆಲ್ಟು ಒಯ್ಯಲು ಬಂದವನು ಮನೆಗೂ ಬಂದ. ನ್ಯಾಯ ಸಮನಾಗಿರಬೇಕಲ್ಲ ಎಂದು ಅವನೆದುರು ಕನ್ನಡ ಶಾಲೆಯ ಪರವಾಗಿ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಅವನು ತಲೆದೂಗಿದ. ಸ್ಪರ್ಧೆಯಲ್ಲಿ ಎದುರಾಳಿ ನನ್ನ ಮಾತು ಕೇಳುವುದು ಖಂಡಿಸಲಿಕ್ಕೆ. ಮನೆಯವರು ಕೇಳುವುದು ನಂಬಲಿಕ್ಕೆ. ಈ ವ್ಯತ್ಯಾಸ ಯಾವ ತೀರ್ಪುಗಾರರೂ ನನಗೆ ಹೇಳಿರಲಿಲ್ಲ.

ಸೋಮವಾರದ ಹಿಂದಿನ ದಿನ ಮೂವರೂ ಒಟ್ಟಿಗೆ ಬಂದರು. ಚೈತ್ರಾ ಹೊರಗೆ ಕಟ್ಟೆಯ ಮೇಲೆ ಕೂತು ಲಾರಿ ನೋಡತೊಡಗಿದಳು. ಒಳಗೆ ಅಕ್ಕ ನೀರು ಕುಡಿದು, ಹೋಗಲಿ ಬಿಡು, ತನಗೆ ಬಾರದ ಭಾಷೆ ಅವಳಿಗಾದರೂ ಬರಲಿ, ಕೂದಲಿಗೇನು, ಕತ್ತರಿಸಿದರಾಯಿತು ಎಂದಳು. ಭಾವ ಬೆಚ್ಚಿಬಿದ್ದ. ಅಷ್ಟು ಸಣ್ಣ ಕೂಸನ್ನು ಕನಸು ಕಾಣುವ ಭಾಷೆಯಿಂದ ಕಿತ್ತು ಹಾಕಬಾರದೆಂದು ತಾನೀಗ ತೀರ್ಮಾನಿಸಿ ಬಂದಿರುವುದಾಗಿ ಹೇಳಿದ. ‘ಕನಸು ಕಾಣುವ ಭಾಷೆ’ ಅಕ್ಕಿ ಗಿರಣಿಯಲ್ಲಿ ಹುಟ್ಟುವ ಮಾತಲ್ಲ. ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು.

“ಇವ್ರಿಗೂ ನೀನ ಹೇಳಿದ್ದೇನಲೇ, ಉಮಾ?” ಎಂದಳು ಅಕ್ಕ.

ನಾನು ಎರಡೂ ಕಡೆಯಿಂದ ನೋಡುವುದು ಎಷ್ಟು ಮುಖ್ಯವೆಂದು ಶುರುಮಾಡಿದೆ. ಭಾವ ಕೈ ಎತ್ತಿದ.

“ಎರಡೂ ಕಡಿ ನಾವು ನೋಡೀವಿ. ಹೋದ ವಾರ ಅಕಿ ಆ ಕಡಿ, ನಾನು ಈ ಕಡಿ. ಈ ವಾರ ನಾನು ಆ ಕಡಿ, ಅಕಿ ಈ ಕಡಿ. ನೀ ಯಾವ ಕಡಿ ಅದೀ, ಅಷ್ಟು ಹೇಳು. ನಾಳಿ ಸಂಡೂರು ಬಸ್ ಹತ್ತಬೇಕೋ ಬ್ಯಾಡೋ?”

ಚೀಟಿ ಎತ್ತಿಸದೆ ಯಾರೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ಕೇಳಿದವರ ಮುಖ ನೋಡಿದರೆ ಅಲ್ಲಿ ಅಂಕ ಕೊಡುವ ಉಮೇದಿರಲಿಲ್ಲ. ಒಂದು ವಾರದಿಂದ ಸರಿಯಾಗಿ ಉಂಡಿರದ ಇಬ್ಬರು ಕೂತಿದ್ದರು. ನನ್ನ ಅಂಶಗಳನ್ನೆಲ್ಲ ಪಕ್ಕಕ್ಕಿಟ್ಟು ನೋಡಿದಾಗ ಉಳಿದದ್ದು ಒಂದೇ ನೆನಪು. ಎಂಟನೆಯ ತರಗತಿಯಲ್ಲಿ, ಆ ಇಂಗ್ಲಿಷ್ ಶಾಲೆಯಲ್ಲಿ, ದಸರೆಯ ರಜೆ ಬರುವವರೆಗೆ ನಾನು ಬಾಯಿ ಬಿಟ್ಟಿರಲಿಲ್ಲ. ಹಾಜರಿಗೂ ಕೈ ಎತ್ತುತ್ತಿದ್ದೆ. ಮುಂದೆ ವೇದಿಕೆ ಹತ್ತಿ ಅಷ್ಟೊಂದು ಮಾತಾಡಿದ್ದು ಆ ತಿಂಗಳುಗಳ ಬಾಕಿ ತೀರಿಸಲಿಕ್ಕೇ ಇರಬೇಕು. ಆದರೆ ಆಗ ಮನಸ್ಸಿನೊಳಗೆ ಮಾತಾಡಿಕೊಳ್ಳಲು ಏಳು ತರಗತಿಯ ಕನ್ನಡವಾದರೂ ನನ್ನಲ್ಲಿತ್ತು. ಇವಳ ಹತ್ತಿರ ನಾಲ್ಕೇ ಇದೆ.

ಬೇಡ, ಏಳನೆಯವರೆಗೆ ಕಂಪ್ಲಿಯಲ್ಲೇ ಓದಲಿ ಎಂದೆ. ಆಮೇಲೆ ನನ್ನ ಹಾಗೆ ಬಾಯಿ ಕಟ್ಟಬಾರದು ಅಂದರೆ ಇಂಗ್ಲಿಷ್ ಈಗಿನಿಂದಲೇ ಬೇಕು, ಅದನ್ನು ನಾನು ಪ್ರತಿ ಭಾನುವಾರ ಬಂದು ಹೇಳಿಕೊಡುತ್ತೇನೆ. ಎರಡನೆಯ ವಾಕ್ಯ ನಾನು ಯೋಚಿಸಿ ಆಡಿದ್ದಲ್ಲ, ಮೊದಲನೆಯದರ ಹಿಂದೆಯೇ ಬಂದುಬಿಟ್ಟಿತು. ಕೈಯಿಂದ ಏನೂ ಹೋಗದ ಅಭಿಪ್ರಾಯಗಳನ್ನು ನಾನು ಬಹಳ ಕಾಲ ಇಟ್ಟುಕೊಂಡಿದ್ದೆ. ಅಕ್ಕ ಕಣ್ಣೊರೆಸಿಕೊಂಡು ಬಾಚಣಿಗೆ ಎಲ್ಲಿದೆ ಎಂದು ಕೇಳಿದಳು. ಭಾವ ಫೋನು ಮಾಡಿ ಸೀಟು ಬೇಡವೆಂದ. ಸಂಜೆಯೊಳಗೆ ಅದು ಇನ್ನೊಬ್ಬರ ಪಾಲಾಯಿತು. ನನ್ನ ಮಾತಿನಿಂದ ಜಗತ್ತಿನಲ್ಲಿ ಏನೋ ಒಂದು ನಿಜವಾಗಿ ಬದಲಾದದ್ದು ಅದೇ ಮೊದಲು. ಆ ರಾತ್ರಿ ನಿದ್ದೆ ಬರಲಿಲ್ಲ ಎಂಬುದನ್ನು ಹೆಮ್ಮೆಯಿಂದೇನೂ ಹೇಳುತ್ತಿಲ್ಲ.

ಹೀಗಾಗಿ ಈಗ ಬರವಣಿಗೆ ಶನಿವಾರಕ್ಕೆ ಸರಿದಿದೆ. ಶನಿವಾರ ಮಧ್ಯಾಹ್ನದವರೆಗೆ ಕಾಲೇಜು, ಆಮೇಲೆ ಬಟ್ಟೆ ಒಗೆಯುವುದು, ಉಳಿದ ಹೊತ್ತಿನಲ್ಲಿ ಬರೆಯುವುದು. ಹೊತ್ತು ಕಡಿಮೆಯಾದ ಮೇಲೆ ಒಳಗಿನ ಎದುರಾಳಿಗೆ ಎದ್ದು ನಿಲ್ಲಲು ಪುರುಸೊತ್ತು ಕೊಡುತ್ತಿಲ್ಲ. ಇದು ಮೂರನೆಯ ಪ್ಯಾರಾ ದಾಟಿ ಬಹಳ ದೂರ ಬಂದಿರುವುದನ್ನು ನೀವೂ ಗಮನಿಸಿರಬಹುದು.

ಮೊದಲ ಭಾನುವಾರದ ವಿಷಯ ಹೇಳಿ ಮುಗಿಸುತ್ತೇನೆ. ಕಮಲಾಪುರ ದಾಟಿ, ಬಾಳೆತೋಟಗಳ ನಡುವೆ ಕುಲುಕುತ್ತ ಬಸ್ಸು ಕಂಪ್ಲಿ ಮುಟ್ಟಿದಾಗ ಗಿರಣಿಯಿಂದ ಬೆಂದ ಭತ್ತದ ವಾಸನೆ ಬರುತ್ತಿತ್ತು. ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಚೈತ್ರಾ ಎರಡು ಜಡೆ ಹಾಕಿಸಿಕೊಂಡು ಅದರ ನಟ್ಟನಡುವೆ ಕೂತಿದ್ದಳು. ನಾನು ಕೂರಲು ಜಾಗ ಬಿಟ್ಟಿರಲಿಲ್ಲ.

“ನಾ ಹೋಗಬೇಕಂತಿದ್ದೆ,” ಎಂದಳು.

ಯಾಕೆ ಎಂದು ಕೇಳಿದೆ. ಪರೀಕ್ಷೆ ಬರೆಯಲು ಹೋದ ದಿನ ಸಂಡೂರಿನ ಗುಡ್ಡದ ಮೇಲೆ ಮೋಡ ಇಳಿದು ಕೂತದ್ದನ್ನು ನೋಡಿದ್ದಳಂತೆ. ಕಂಪ್ಲಿಯಲ್ಲಿ ಮೋಡ ಅಷ್ಟು ಕೆಳಗೆ ಬರುವುದಿಲ್ಲವಂತೆ. ಈ ಅಂಶ ನನ್ನ ಪರದಲ್ಲೂ ಇರಲಿಲ್ಲ, ವಿರೋಧದಲ್ಲೂ ಇರಲಿಲ್ಲ. ಗಂಡ ಹೆಂಡತಿಯ ಮಾತು ಒಯ್ದು ಮುಟ್ಟಿಸಿದ ಹುಡುಗಿಯನ್ನು ನಿನ್ನ ಮಾತೇನು ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ನಾನು ಚಾಪೆಯ ಅಂಚಿನಲ್ಲಿ ಮೊಣಕಾಲೂರಿ ಕೂತು, ಯಾಕೆ ಬೇಡವೆಂದೆ ಎಂಬುದಕ್ಕೆ ಕಾರಣಗಳನ್ನು ಹೇಳಿದೆ. ಗದ್ದಕ್ಕೆ ಕೈ ಹಚ್ಚಿ ಪೂರ್ತಿ ಕೇಳಿದಳು.

“ಎಲ್ಲಾ ಚಲೋ ಅದಾವ, ಚಿಕ್ಕಮ್ಮ. ಆದ್ರ ನಿನಗ ಖಾತ್ರಿ ಐತೇನು?”

ಇಂಥ ಪ್ರಶ್ನೆಯಿಂದ ಜಾರಿಕೊಳ್ಳುವ ವಾಕ್ಯಗಳು ನನ್ನ ನಾಲಿಗೆಯ ಮೇಲೆ ಸದಾ ಸಿದ್ಧವಾಗಿರುತ್ತವೆ. ಪ್ರಶ್ನೆಯೇ ಪ್ರಸ್ತುತವಲ್ಲ ಎನ್ನಬಹುದು. ಖಾತ್ರಿ ಎಂದರೇನು ಎಂದು ತಿರುಗಿ ಕೇಳಬಹುದು.

“ಇಲ್ಲ,” ಎಂದೆ. “ಅದಕ್ಕ ವಾರಾ ವಾರಾ ಬರ್ತೀನಿ.”

ಅವಳು ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ಆದರೆ ಸರಿದು ಚಾಪೆಯ ಮೇಲೆ ಜಾಗ ಮಾಡಿಕೊಟ್ಟಳು. ಮೊದಲ ಪಾಠಕ್ಕೆ ಮೋಡವನ್ನೇ ತೆಗೆದುಕೊಂಡೆವು.