ಬಚ್ಚಲ ಹಿಂದಿನ ರಂಗೋಲಿ

ಮಂಡ್ಯಕ್ಕೆ ನಾಲೆಯ ನೀರು ಬಂದ ಹೊಸದು. ಗದ್ದೆ ಬಂತು, ಕಬ್ಬು ಬಂತು, ಅವುಗಳ ಬೆನ್ನಿಗೇ ಚಳಿಜ್ವರವೂ ಬಂತು. ಜ್ವರ ಬಂದ ಮೇಲೆ ಮುನಿಸಿಪಾಲಿಟಿಯವರಿಗೆ ನಮ್ಮ ಮನೆಗಳ ನೆನಪಾಯಿತು. ಮನೆಯವರು ಏನು ಮಾಡಬೇಕು, ಏನು ಮಾಡಕೂಡದು ಎಂದು ಅಚ್ಚು ಹಾಕಿಸಿ ಬೀದಿಬೀದಿಗೂ ಹಂಚಿದರು.

ಅಪ್ಪ ಸ್ಕೂಲು ಮೇಷ್ಟ್ರು. ಜಗಲಿಯ ಮೇಲೆ ಕೂತು, ಪಾಠ ಹೇಳುವ ದನಿಯಲ್ಲೇ ಅದನ್ನು ತಮ್ಮ ತಾಯಿಗೆ, ಅಂದರೆ ನನ್ನ ಅಜ್ಜಿಗೆ, ಓದಿದರು. ವರ್ಷಕ್ಕೊಮ್ಮೆ ಗೋಡೆಗೆ ಸುಣ್ಣ ಬಳಿಸಬೇಕು. ಅಜ್ಜಿ ತಲೆಯಾಡಿಸಿದಳು. ಬೀದಿಯಲ್ಲಿ ತಿಪ್ಪೆ ಹಾಕಕೂಡದು. ಅದಕ್ಕೂ ತಲೆಯಾಡಿಸಿದಳು. ಬಚ್ಚಲ ನೀರು ಗುಂಡಿಯಲ್ಲಿ ನಿಲ್ಲಕೂಡದು, ಗುಂಡಿ ಮುಚ್ಚಿ ಚರಂಡಿಗೆ ದಾರಿ ಮಾಡಬೇಕು ಎಂದಾಗ ಮಾತ್ರ ಅವಳ ತಲೆ ನಿಂತುಬಿಟ್ಟಿತು.

“ನಮ್ ಇತ್ಲು, ನಮ್ ನೀರು. ಅವ್ರಿಗ್ಯಾಕ್ಲಾ ಅದು?”

“ರೂಲ್ಸು ಕಣವ್ವ. ಎಲ್ರಿಗೂ ಒಂದೇಯ.”

“ಅಂಗಾರೆ ಗಿಡುಕ್ಕೆ ಅವ್ರಪ್ಪ ಬಂದು ನೀರುಯ್ತಾನಾ?”

ಅಪ್ಪ ಕಾಗದ ಮಡಿಸಿಟ್ಟರು. ಅಜ್ಜಿ ಹೇಳಿದ ಗಿಡ ಹಿತ್ತಲ ಮಲ್ಲಿಗೆ, ಅಪ್ಪನ ತಂಗಿ ನೆಟ್ಟದ್ದು. ನನ್ನ ಅತ್ತೆ ಕೊತ್ತತ್ತಿಯ ನಂಟರ ಮನೆಯಿಂದ ಕಡ್ಡಿ ತಂದು ಬಚ್ಚಲ ಹಿಂದೆ ಊರಿದ್ದಳು. ಬೇಸಿಗೆಯಲ್ಲಿ ಅದು ಬಾಡಿ, ಮಗಳು ಮುಖ ಸಣ್ಣ ಮಾಡಿಕೊಂಡಾಗ ಅಜ್ಜಿಯೇ ಗುದ್ದಲಿ ಹಿಡಿದು ಬಚ್ಚಲ ಗುಂಡಿಯನ್ನು ಆಳ ತೋಡಿದ್ದಳು, ಗಿಡದ ಬುಡದಲ್ಲಿ ನೀರು ಸದಾ ನಿಂತಿರಲಿ ಎಂದು. ಗಿಡ ಮೊಗ್ಗು ಬಿಟ್ಟ ವರ್ಷವೇ ಅತ್ತೆ ಚಳಿಜ್ವರದಲ್ಲಿ ಹೋದಳು. ಆಗಿನ್ನೂ ಅವಳಿಗೆ ಗಂಡು ನೋಡುತ್ತಿದ್ದರು. ನಾಲೆಯ ಗಾಳಿ ಸೋಕಿತು ಎನ್ನುತ್ತಿದ್ದಳು ಅಜ್ಜಿ. ಆಮೇಲೆ ಆ ಹೂವೆಲ್ಲ ನನ್ನ ಮೋಟು ಜಡೆಗೆ ಬಂತು. ಮುಡಿಸಿದ ಮೇಲೂ ಅಜ್ಜಿಯ ಕೈ ನನ್ನ ತಲೆಯ ಮೇಲೆ ಸ್ವಲ್ಪ ಹೊತ್ತು ಹಾಗೇ ಇರುತ್ತಿತ್ತು. ಅತ್ತೆಯ ಮುಖ ನನಗೆ ಅಷ್ಟಾಗಿ ನೆನಪಿಲ್ಲ. ಆ ಕೈ ನೆನಪಿದೆ.

ಮುನಿಸಿಪಾಲಿಟಿಯ ಇನ್‌ಸ್ಪೆಕ್ಟರು ಮನೆ ನೋಡಲು ಬರುವ ದಿನ ಅಜ್ಜಿ ಗುಂಡಿಯ ಮೇಲೆ ಬಿದಿರ ಗಳು ಹಾಸಿ, ಗೋಣಿ ಹೊದಿಸಿ, ಮಣ್ಣು ಮೆತ್ತಿ, ಸಗಣಿ ಸಾರಿಸಿದಳು. ಮೇಲೆ ದೊಡ್ಡದೊಂದು ರಂಗೋಲಿ ಎಳೆದಳು.

“ರಂಗೋಲೆ ಮ್ಯಾಲೆ ಯಾವ್ ಗಂಡ್ಸೂ ಕಾಲಿಡಾಕಿಲ್ಲ ಬುಡು,” ಎಂದಳು ನನಗೆ.

ಬಂದವನು ರುಮಾಲು, ಬೂಟು ಹಾಕಿದ್ದ ಚಿಕ್ಕ ವಯಸ್ಸಿನವನು. ಸುಣ್ಣದ ಗೋಡೆ ನೋಡಿ ಭೇಷ್ ಎಂದ. ಹಿತ್ತಲಿಗೆ ಬಂದವನು ಗಕ್ಕನೆ ನಿಂತ.

“ನಾನೂ ಹಳ್ಳಿ ಮನೆಯಲ್ಲೇ ಬೆಳೆದೋನು ಅಮ್ಮಾ. ಬಚ್ಚಲ ಹಿಂದೆ ರಂಗೋಲಿ ಹಾಕೋರನ್ನ ಇವತ್ತೇ ನೋಡಿದ್ದು.”

ನಮ್ಮಮ್ಮ ನಗು ತಡೆಯಲಾರದೆ ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದಳು. ಅಜ್ಜಿ ಹೇಳಿದ್ದು ಮಾತ್ರ ನಿಜವಾಯಿತು, ಆತ ರಂಗೋಲಿ ತುಳಿಯಲಿಲ್ಲ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಗೋಣಿಯ ಅಂಚು ಎತ್ತಿದ, ನನ್ನಿಂದ ಚೊಂಬು ಇಸಿದುಕೊಂಡು ನೀರು ಮೊಗೆದ, ಅದನ್ನು ಬಿಸಿಲಿಗೆ ಹಿಡಿದ. ನೀರಿನಲ್ಲಿ ಸಣ್ಣ ಹುಳಗಳು ಮಿಸುಕಾಡುತ್ತಿದ್ದವು.

“ಇವೇ ಸೊಳ್ಳೆ ಆಗೋದು ನೋಡಿ. ಚಳಿಜ್ವರ ತರೋದು ಇದೇ.”

“ಗಾಳಿಯಿಂದ ಅಲ್ವಾ ಅದು?” ಎಂದಳು ಅಜ್ಜಿ.

“ಗಾಳಿಯಿಂದ ಅಲ್ಲಮ್ಮ.”

ಅಜ್ಜಿ ತಿರುಗಿ ಗೋಡೆಯ ಕಿಟಕಿ ನೋಡಿದಳು. ಅತ್ತೆ ಮಲಗುತ್ತಿದ್ದ ಕೋಣೆಯ ಕಿಟಕಿ ಅದು, ಗುಂಡಿಯ ನೇರಕ್ಕೇ ಇತ್ತು. ಪಕ್ಕದಲ್ಲಿದ್ದ ಅಪ್ಪನಿಗೆ ಅವಳ ಮನಸ್ಸಿನಲ್ಲಿದ್ದದ್ದು ತಕ್ಷಣ ಹೊಳೆಯಿತು.

“ಅವ್ವ, ನಮ್ ಗುಂಡೀದೇ ಅಂತ ಏನಿಲ್ಲ. ಊರ್ ತುಂಬಾ ನೀರು ನಿಂತದೆ.”

ಇನ್‌ಸ್ಪೆಕ್ಟರಿಗೆ ಏನು ತಿಳಿಯಿತೋ, ಅವನೂ ದನಿ ತಗ್ಗಿಸಿ, “ಹೌದಮ್ಮ, ಯಾವ ಗುಂಡೀದು ಅಂತ ಯಾರು ಹೇಳೋಕಾಗುತ್ತೆ?” ಎಂದ. ಗುಂಡಿ ಮುಚ್ಚಲು ವಾಯಿದೆ ಕೊಟ್ಟು ಹೋದ.

ಅಜ್ಜಿಗೆ ವಾಯಿದೆ ಬೇಕಾಗಲಿಲ್ಲ. ಅವನು ಬೀದಿ ದಾಟುವ ಮೊದಲೇ ಗುದ್ದಲಿ ಕೈಗೆ ತೆಗೆದುಕೊಂಡಳು. ಅಪ್ಪ ಕಸಿದುಕೊಳ್ಳಲು ಹೋದರೆ ಬಿಡಲಿಲ್ಲ. ಅಮ್ಮನೂ ನಾನೂ ಮಂಕರಿಯಲ್ಲಿ ಮಣ್ಣು ಹೊತ್ತು ತಂದೆವು. ಗುಂಡಿ ತುಂಬಿ ನೆಲ ಸಮವಾದ ಮೇಲೆ ಅಜ್ಜಿ ಅಲ್ಲೇ ಕುಸಿದು ಕೂತಳು.

“ನಾನೇಯ ತ್ವಾಡಿದ್ನಲ್ಲೋ ಮಗ,” ಎಂದಳು.

ಅಪ್ಪ ಸ್ಕೂಲಿನ ಕೋಟಿನಲ್ಲೇ ಅವಳ ಪಕ್ಕ ಕೆಸರಿನಲ್ಲಿ ಕೂತರು. ಇಬ್ಬರೂ ಅತ್ತರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೂ ತಡೆಯಲಾಗಲಿಲ್ಲ, ಹೋಗಿ ಅಜ್ಜಿಯ ತೊಡೆಯ ಮೇಲೆ ಬಿದ್ದುಕೊಂಡೆ.

ಗಿಡ ಒಣಗಲಿಲ್ಲ. ಸ್ನಾನ ಮಾಡಿದವರೆಲ್ಲ ಒಂದೊಂದು ಚೊಂಬು ನೀರು ಅದರ ಬುಡಕ್ಕೆ ಹಾಕಿಯೇ ಒಳಗೆ ಬರಬೇಕೆಂದು ಮನೆಯಲ್ಲಿ ಹೊಸ ರೂಲ್ಸು ಬಂತು. ಅಜ್ಜಿಯ ಈ ರೂಲ್ಸನ್ನು ಮುರಿಯುವ ಧೈರ್ಯ ಯಾರಿಗೂ ಇರಲಿಲ್ಲ.

ಆಮೇಲೆ ಅವಳು ನನ್ನ ಕೈ ಹಿಡಿದುಕೊಂಡು ಬೀದಿಯ ಹಿತ್ತಲುಗಳನ್ನೆಲ್ಲ ಸುತ್ತತೊಡಗಿದಳು. ಮೂಲೆಮನೆಗೆ ಆಗತಾನೆ ಸೊಸೆ ಬಂದಿದ್ದಳು. ಎಳೇ ಹುಡುಗಿ, ಬಚ್ಚಲ ಗುಂಡಿಯ ಪಕ್ಕ ಪಾತ್ರೆ ಬೆಳಗುತ್ತಿದ್ದಳು. ಗುಂಡಿ ಮುಚ್ಚಿಸಿ ಎಂದು ಅಜ್ಜಿ ಹೇಳುತ್ತಲೇ ಆ ಹುಡುಗಿಯ ಅತ್ತೆ ರೇಗಿದಳು.

“ನಮ್ ಇತ್ಲು ಉಸಾಬರಿ ನಿಂಗ್ಯಾಕಜ್ಜಿ? ಮುನ್ಸಿಪಾಲ್ಟಿಯೋರು ಸಂಬ್ಳ ಕೊಟ್ಟಾರಾ?”

ಬೇರೆ ದಿನವಾಗಿದ್ದರೆ ಅಜ್ಜಿ ಎರಡರಷ್ಟು ತಿರುಗಿ ಕೊಡುತ್ತಿದ್ದಳು. ಅಂದು ಸೆರಗಿನ ಗಂಟು ಬಿಚ್ಚಿ, ಮಲ್ಲಿಗೆಯನ್ನು ಆ ಹುಡುಗಿಯ ಒದ್ದೆ ಕೈಗೆ ಹಾಕಿದಳು. ಅವಳ ತಲೆಯ ಮೇಲೆ ಕೈಯಿಟ್ಟಳು. ಕೈ ಅಲ್ಲೇ ಉಳಿಯಿತು.

“ನಂಗೆ ಮೊದ್ಲೇ ಯಾರೂ ಯೋಳ್ನಿಲ್ಲ ಕಣಮ್ಮ. ಅದ್ಕೇ ಬಂದೆ.”

ಹುಡುಗಿಯ ಅತ್ತೆ ಅಜ್ಜಿಯ ಕೈಯನ್ನೇ ನೋಡಿದಳು. ಆಮೇಲೆ ಗುದ್ದಲಿ ತರಲು ಒಳಗೆ ಹೋದಳು.