ಗುಣಾಕಾರ ಬಾರದ ಹೆಡ್‌ಮಾಸ್ತರು

ನಮ್ಮ ಕಡೆ ಇಬ್ಬರು ಶಿಕ್ಷಕರು ಬಸ್ ಸ್ಟ್ಯಾಂಡಿನಲ್ಲಿ ಎದುರಾದರೆ ಹೆಂಡಿರು ಮಕ್ಕಳ ಕ್ಷೇಮಸಮಾಚಾರ ಆಮೇಲೆ. ಮೊದಲ ಪ್ರಶ್ನೆ, "ನಿಮ್ಮ ಹೆಡ್‌ಮಾಸ್ತರು ಹೆಂಗ ಅದಾರ್ರಿ?" ಎಂಬುದು. ಉತ್ತರ ಬಾಯಿಗೆ ಬರುವ ಮುಂಚೆ ಮುಖಕ್ಕೆ ಬಂದುಬಿಡುತ್ತದೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದು ನಾಲ್ಕು ತಾಲೂಕುಗಳಲ್ಲಿ ಮಣ್ಣು ಹೊತ್ತಿರುವ ನಾನು ಎಲ್ಲ ಬಗೆಯ ಮುಖವನ್ನೂ ಮಾಡಿದ್ದೇನೆ.

ಹಿರೇಕೆರೂರಿನ ಕಡೆ ನಾನು ನೌಕರಿಗೆ ಸೇರಿದ ಹೊಸದರಲ್ಲಿ ಒಬ್ಬರಿದ್ದರು. ಬೆಳಿಗ್ಗೆ ಗೇಟಿನ ಬಳಿಯೇ ಕುರ್ಚಿ ಹಾಕಿಸಿ, ತೊಡೆಯ ಮೇಲೆ ಹಾಜರಿ ಪುಸ್ತಕ ಬಿಚ್ಚಿಕೊಂಡು ಕೂರುತ್ತಿದ್ದರು. ನಾವು ದೂರದಲ್ಲಿ ಓಡಿ ಬರುವುದು ಕಂಡಕೂಡಲೇ ಕೆಂಪು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಆ ಮುಚ್ಚಳ ತೆಗೆಯುವಾಗಿನ ಅವರ ಸಂತೋಷವನ್ನು ನಾನು ಬೇರೆ ಯಾವ ಮನುಷ್ಯನ ಮುಖದ ಮೇಲೂ ನೋಡಿಲ್ಲ. ಬೇಸಿಗೆ ರಜೆಯಲ್ಲೂ ಆ ಪೆನ್ನು ನನ್ನ ಕನಸಿನಲ್ಲಿ ಬರುತ್ತಿತ್ತು.

ಅಲ್ಲಿಂದ ವರ್ಗವಾಗಿ ಯಲವಿಗಿ ಸ್ಟೇಶನ್ನಿನಿಂದ ಸ್ವಲ್ಪ ಒಳಗಿರುವ ಒಂದು ಹಳ್ಳಿಯ ಶಾಲೆಗೆ ಬಂದೆ. ಅಲ್ಲಿ ನಾವು ಮೂವರು ಶಿಕ್ಷಕರು: ಹುಬ್ಬಳ್ಳಿಯಿಂದ ದಿನಾ ರೈಲಿಗೆ ಬರುವ ಗಣಿತದ ಮಾಸ್ತರು, ಬೆನ್ನುನೋವಿನ ಹಿರಿಯ ಅಕ್ಕೋರು, ಮತ್ತು ಊರವರ ಬಾಯಲ್ಲಿ ಸಣ್ಣ ಅಕ್ಕೋರಾದ ನಾನು. ನಮ್ಮ ಮೇಲೆ ಒಬ್ಬ ಹೆಡ್‌ಮಾಸ್ತರು.

ಅವರ ಪದ್ಧತಿಯೇ ಬೇರೆ. ಮಂದಿಯ ಎದುರು ಯಾರನ್ನೂ ಬೈಯುತ್ತಿರಲಿಲ್ಲ. ಬೈಯಬೇಕಾದಾಗ, "ಒಂದೀಟು ಗಿಡದ ಕಡೆ ಬರ್ರಿ" ಅನ್ನುತ್ತಿದ್ದರು. ಶಾಲೆಯ ಹಿಂದೆ ಒಂದು ಬೇವಿನ ಗಿಡ. ಅದರ ಕೆಳಗೆ ಬೈದದ್ದು ಅಲ್ಲಿಯೇ ಉಳಿಯಬೇಕು. ತಿರುಗಿ ಬರುವಾಗ ಬೈದವರೂ ಬೈಸಿಕೊಂಡವರೂ ಮಳೆಬೆಳೆಯ ಮಾತಾಡುತ್ತ ಬರಬೇಕು, ಮಕ್ಕಳಿಗೆ ಸುಳಿವು ಸಿಗಬಾರದು. ಹೆಡ್‌ಮಾಸ್ತರು ಯಾರ ಜೊತೆಗಾದರೂ ಮಳೆಯ ಮಾತಾಡುತ್ತ ಹಿತ್ತಲಿನಿಂದ ಬಂದರೆ ಅವರು ಬೈಸಿಕೊಂಡು ಬಂದಿದ್ದಾರೆಂದು ಒಂದನೇ ಇಯತ್ತೆಯ ಮಗುವಿಗೂ ಗೊತ್ತಿತ್ತು, ಅದು ಬೇರೆ ಮಾತು.

ನಾನು ಮೊದಲ ಸಲ ಆ ಗಿಡ ಕಂಡದ್ದು ಒಂದು ಲೆಕ್ಕದ ದೆಸೆಯಿಂದ. ಒಂದು ಕಟ್ಟಿನಲ್ಲಿ ನಲವತ್ತೆಂಟು ವೀಳ್ಯದೆಲೆ, ಏಳು ಕಟ್ಟಿನಲ್ಲಿ ಎಷ್ಟು? ನನ್ನ ತರಗತಿಯ ಒಬ್ಬ ಹುಡುಗಿ ಮುನ್ನೂರ ಮೂವತ್ತಾರು ಎಂದು ಬರೆದಿದ್ದಳು. ನಾನು ಯಾವ ಲೋಕದಲ್ಲಿದ್ದೆನೋ, ಅದರ ಮೇಲೆ ದೊಡ್ಡದೊಂದು ತಪ್ಪಿನ ಗುರುತು ಹಾಕಿ ಮುನ್ನೂರ ಇಪ್ಪತ್ತಾರು ಎಂದು ತಿದ್ದಿದೆ. ಬೇರೆ ಯಾರ ಮನೆಯ ಹುಡುಗಿಯಾಗಿದ್ದರೂ ನಡೆದುಹೋಗುತ್ತಿತ್ತು. ಅವಳ ಅಪ್ಪನದು ಎಲೆಯ ತೋಟ. ಮರುದಿನ ನೋಟ್‌ಬುಕ್ ಹಿಡಿದು ಬಂದೇಬಿಟ್ಟರು.

"ಹತ್ತು ಎಲಿ ಎಲ್ಲಿ ಹೋದುವು ಅಂತ ಕೇಳಾಕ ಬಂದೇನ್ರಿ" ಎಂದು ಅವರು ಬಾಗಿಲಲ್ಲಿ ನಿಂತರು. "ನನ್ನ ಮಗಳು ನಿನ್ನೆ ರಾತ್ರಿ ಉಂಡಿಲ್ಲ."

ಹೆಡ್‌ಮಾಸ್ತರು ನೋಟ್‌ಬುಕ್ ತೆಗೆದುಕೊಂಡು ನೋಡಿದರು, ನನ್ನ ಕಡೆ ಮಾತ್ರ ನೋಡಲಿಲ್ಲ.

"ಇದು ನಾ ತಿದ್ದಿದ್ರಿ. ಸಣ್ಣ ಅಕ್ಕೋರಿಗೆ ಮೈಯಾಗ ಆರಾಮ ಇರಲಿಲ್ಲ, ಅವರ ಬದಲಿ ನಾ ಕುಂತಿದ್ದೆ. ತಪ್ಪು ನಂದು."

ಎಲೆ ತೋಟದವರು ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಹೆಡ್‌ಮಾಸ್ತರಾಗಿ ಗುಣಾಕಾರ ಬರಂಗಿಲ್ಲೇನ್ರಿ ನಿಮಗ?"

"ಒಮ್ಮೊಮ್ಮೆ ಕೈಕೊಡತೈತ್ರಿ" ಎಂದು ಅವರು ಹುಡುಗಿಯನ್ನು ಕರೆದು, ತಮ್ಮ ಕೈಯಾರೆ ಸರಿ ಗುರುತು ಹಾಕಿ ಕೊಟ್ಟರು.

ತಂದೆ ಅತ್ತ ಹೋದಮೇಲೆ, "ಗಿಡದ ಕಡೆ ಬರ್ರಿ" ಅಂದರು. ಅಲ್ಲಿ ನನಗೆ ಸಿಕ್ಕ ಬೈಗುಳದಲ್ಲಿ ಒಂದೇ ವಾಕ್ಯ ಇವತ್ತಿಗೂ ನೆನಪಿದೆ. "ಅಕ್ಕೋರ, ನಿಮ್ಮ ಸಲುವಾಗಿ ಒಂದು ಸುಳ್ಳು ಹೇಳೇನಿ. ಎರಡನೇದು ಹೇಳಸಬ್ಯಾಡ್ರಿ."

ಹೇಳಿಸಲಿಲ್ಲ. ಆದರೆ ಆ ಮೊದಲನೆಯದು ಊರ ತುಂಬ ಓಡಾಡಿತು. ಕಟ್ಟೆಯ ಮೇಲೆ, ಹಿಟ್ಟಿನ ಗಿರಣಿಯಲ್ಲಿ, ಸ್ಟೇಶನ್ನಿನ ಮುಂದಿನ ಚಹಾದ ಅಂಗಡಿಯಲ್ಲಿ, ಎಲ್ಲೆಲ್ಲೂ "ಗುಣಾಕಾರ ಬಾರದ ಹೆಡ್‌ಮಾಸ್ತರು" ಎಂಬ ಹೆಸರು ನಿಂತುಹೋಯಿತು. ಅವರು ನಕ್ಕು ಸುಮ್ಮನಾಗುತ್ತಿದ್ದರು. ನಾನೂ ನಗುತ್ತಿದ್ದೆ. ನನ್ನ ನಗು ಸ್ವಲ್ಪ ಸಣ್ಣದಿರುತ್ತಿತ್ತು.

ಹೀಗೆ ಮೂರು ವರ್ಷ ಕಳೆದ ಮೇಲೆ ಸುದ್ದಿ ಬಂತು. ತಾಲೂಕಿನ ಆಫೀಸಿಗೆ ಒಬ್ಬ ಅನುಭವಸ್ಥರು ಬೇಕು, ನಮ್ಮ ಹೆಡ್‌ಮಾಸ್ತರನ್ನು ನಿಯೋಜನೆಯ ಮೇಲೆ ಒಯ್ಯುತ್ತಾರೆ, ಅದಕ್ಕೂ ಮುಂಚೆ ಒಬ್ಬ ಅಧಿಕಾರಿ ಬಂದು ಶಿಕ್ಷಕರನ್ನು ವಿಚಾರಿಸುತ್ತಾರೆ. ಅವರ ಜಾಗಕ್ಕೆ ಯಾರು ಬರುತ್ತಾರೆಂಬ ಸುದ್ದಿಯನ್ನು ಗಣಿತದ ಮಾಸ್ತರು ರೈಲಿನಲ್ಲಿ ಕೇಳಿಕೊಂಡು ಬಂದಿದ್ದರು. ಹಿರೇಕೆರೂರಿನ ಕಡೆಯವರಂತೆ. ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಅಭ್ಯಾಸವಂತೆ. ನನಗೆ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು.

"ನಾವು ಹೊಗಳಿದ್ವಿ ಅಂದ್ರ ಅವರು ಹೋದ್ರು ಅಂತ ತಿಳೀರಿ" ಎಂದು ಗಣಿತದ ಮಾಸ್ತರು ಯೋಜನೆ ಬಿಚ್ಚಿದರು. "ಬೈಬೇಕು. ಬಾಯಿ ತುಂಬ ಬೈಬೇಕು. ಇಂಥಾ ಮನಶ್ಯಾ ನಮಗ ಬ್ಯಾಡ ಅಂತ ಆ ಸಾಹೇಬ್ರು ವಾಪಸ್ ಹೋಗಬೇಕು."

"ಅವರ ಮ್ಯಾಲ ಸುಳ್ಳು ಹೇಳಾಕ ನಾಲಿಗಿ ಹೊಳ್ಳಬೇಕಲ್ರಿ" ಅಂದರು ಹಿರಿಯ ಅಕ್ಕೋರು.

"ನಮ್ಮ ಸಲುವಾಗಿ ಅವರು ಎಷ್ಟು ಹೇಳಿಲ್ಲ? ಅವರ ಸಲುವಾಗಿ ನಾವು ಒಂದು ಹೇಳೂಣು."

ಗಣಿತದ ಮಾಸ್ತರು ಇದನ್ನು ಹೇಳುವಾಗ ನನ್ನ ಕಡೆಯೇ ಯಾಕೆ ನೋಡಿದರೋ ಗೊತ್ತಿಲ್ಲ.

ಅಧಿಕಾರಿ ಬಂದರು. ನಿವೃತ್ತಿಗೆ ಹತ್ತಿರವಾದ, ಹೆಗಲಿಗೆ ಬಟ್ಟೆಯ ಚೀಲ ಹಾಕಿದ, ನಿಧಾನದ ಮನುಷ್ಯ. ಹೆಡ್‌ಮಾಸ್ತರು, "ನೀವು ಮಾತಾಡ್ರಿ ಸಾಹೇಬ್ರ, ಹುಡುಗರನ್ನ ನಾ ನೋಡ್ಕೋತೇನಿ" ಎಂದು ಎಲ್ಲ ತರಗತಿಗಳನ್ನೂ ಪಡಸಾಲೆಯಲ್ಲಿ ಕೂಡಿಸಿಕೊಂಡು ಕುಳಿತರು. ಆಫೀಸಿನ ಕೋಣೆಯಲ್ಲಿ ನಾವು ಮೂವರು, ಅವರೊಬ್ಬರು.

ಹಿರಿಯ ಅಕ್ಕೋರು ಮೊದಲು ಶುರು ಮಾಡಿದರು. "ಹೆಡ್‌ಮಾಸ್ತರ ಅನ್ನೂ ಗತ್ತಿಲ್ಲರಿ ಅವರಿಗೆ. ತಮ್ಮ ಕುರ್ಚಿ ಮ್ಯಾಲ ಒಂದು ದಿನಾ ಕುಂದರಂಗಿಲ್ಲ."

"ಯಾವುದು ಅವರ ಕುರ್ಚಿ?"

ಅಕ್ಕೋರು ಕೆಳಗೆ ನೋಡಿದರು. ಕೋಣೆಯಲ್ಲಿ ಕೈಯಿರುವ, ಗಾದಿಯಿರುವ ಕುರ್ಚಿ ಒಂದೇ ಇತ್ತು, ಅದರ ಮೇಲೆ ಅವರೇ ಕುಳಿತಿದ್ದರು. "ನನಗ ಬೆನ್ನುನೋವು ಅಂತ…" ಎಂದು ಮಾತು ನುಂಗಿಕೊಂಡು ಎದ್ದು ನಿಂತರು. ಅಧಿಕಾರಿ, "ಕುಂದರ್ರಿ, ಕುಂದರ್ರಿ" ಎಂದು ಪುಸ್ತಕದಲ್ಲಿ ಏನೋ ಬರೆದರು.

ಗಣಿತದ ಮಾಸ್ತರು ಮುಂದೆ ಬಂದರು. "ಶಿಸ್ತಿಲ್ಲರಿ ಸರ್. ತಡಾ ಮಾಡಿ ಬಂದ್ರ ಕೆಂಪು ಗೆರಿ ಎಳಿಯಂಗಿಲ್ಲ."

"ನೀವು ತಡಾ ಮಾಡ್ತೀರಿ?"

"ಮೊದಲ ಮಾಡ್ತಿದ್ದೆ. ಈಗ ಇಲ್ಲರಿ."

"ಯಾಕ ಬಿಟ್ರಿ?"

"ನಾ ಬರೂತನಕ ನನ್ನ ಕ್ಲಾಸಿನ್ಯಾಗ ಅವರು ಲೆಕ್ಕ ಹಾಕಸಾಕತ್ತಿರತಿದ್ರು. ನನ್ನ ನೋಡಿ ಚಾಕ್‌ಪೀಸ್ ಕೈಯಾಗ ಇಟ್ಟು ಹೋಗಿಬಿಡ್ತಿದ್ರು, ಒಂದು ಮಾತಿಲ್ಲ. ಒಂದು ವಾರ ತಡಕೊಂಡೆ. ಆಮ್ಯಾಲ ನಾಚಿಕಿ ಬಂದು ಮುಂಚಿನ ಗಾಡಿ ಹಿಡಿಯಾಕತ್ತೇನಿ." ಹೇಳಿ ಮುಗಿದ ಮೇಲೆ ಅವರಿಗೆ ತಾವು ಹೇಳಿದ್ದು ಏನೆಂದು ತಿಳಿಯಿತು.

ಅಧಿಕಾರಿ ಪೆನ್ನು ನಿಲ್ಲಿಸಿದರು. "ಲೆಕ್ಕ ಹಾಕಸ್ತಿದ್ರು? ಸ್ಟೇಶನ್ ಮುಂದ ಚಾ ಕುಡಿಯೂಮುಂದ ಬ್ಯಾರೇನ ಕೇಳಿದೆ. ಅವರಿಗೆ ಗುಣಾಕಾರನ ಬರಂಗಿಲ್ಲಂತ. ಖರೇನು? ಆಫೀಸಿನ್ಯಾಗ ಎಲ್ಲಾ ಅಂಕಿ ಸಂಖ್ಯೇದಽ ಕೆಲಸ."

ಮುಳುಗುವವನಿಗೆ ಹಗ್ಗ ಸಿಕ್ಕಂತಾಯಿತು ಗಣಿತದ ಮಾಸ್ತರಿಗೆ. "ಖರೇರಿ. ಸುತರಾಂ ಬರಂಗಿಲ್ಲ."

ಸರಿಯಾಗಿ ಆಗಲೇ ಪಡಸಾಲೆಯಿಂದ ಹೆಡ್‌ಮಾಸ್ತರ ದನಿ ಬಂತು. "ಹದಿನೇಳೆಂಟ್ಲ?" ಮಕ್ಕಳು ತಡವರಿಸಿದರು. "ನೂರಾ ಮೂವತ್ತಾರು. ಹೇಳ್ರಿ ಎಲ್ಲಾರೂ."

ಅಧಿಕಾರಿ ಕಿವಿಗೊಟ್ಟು ಕೇಳಿ, "ಮತ್ತ ಅದು?" ಅಂದರು.

"ಬಾಯಿಪಾಠರಿ" ಅಂದರು ಗಣಿತದ ಮಾಸ್ತರು, ಹಣೆ ಒರೆಸಿಕೊಳ್ಳುತ್ತ.

ಅಧಿಕಾರಿ ನಂಬಿದರೋ ಬಿಟ್ಟರೋ, ಪುಸ್ತಕದ ಮೇಲೆ ಬಗ್ಗಿ ನಿಧಾನವಾಗಿ "ಗುಣಾಕಾರ" ಎಂದು ಬರೆಯತೊಡಗಿದರು. ನಾನು ಎದುರಿನಿಂದ ತಲೆಕೆಳಗಾಗಿ ಓದುತ್ತಿದ್ದೆ. ಇನ್ನೆರಡು ಪದ ಬರೆದರೆ ನಮ್ಮ ಕೆಲಸ ಆಗುತ್ತಿತ್ತು. ಹೆಡ್‌ಮಾಸ್ತರು ನಮಗೆ ಉಳಿಯುತ್ತಿದ್ದರು, ಕೆಂಪು ಪೆನ್ನು ಹಿರೇಕೆರೂರಿನಲ್ಲಿಯೇ ಉಳಿಯುತ್ತಿತ್ತು. ಬಾಯಿ ಮುಚ್ಚಿಕೊಂಡು ಕೂರುವುದಷ್ಟೇ ನನ್ನ ಪಾಲಿನ ಕೆಲಸ. ಆದರೆ ಊರವರ ನಗು ಬೇರೆ, ಸರಕಾರದ ಕಾಗದದ ಮೇಲಿನ ಅಕ್ಷರ ಬೇರೆ.

"ಅದು ನಾ ಮಾಡಿದ ತಪ್ಪು ಸರ್" ಅಂದೆ. ಎಲೆಯ ಲೆಕ್ಕ, ತಪ್ಪಿನ ಗುರುತು, ಉಣ್ಣದ ಹುಡುಗಿ, ಬೇವಿನ ಗಿಡ, ಎಲ್ಲ ಹೇಳಿದೆ. ಗಣಿತದ ಮಾಸ್ತರು ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕು. ಹಿರಿಯ ಅಕ್ಕೋರು ಸೆರಗಿನಿಂದ ಕಣ್ಣೊರೆಸಿಕೊಂಡರು, ಅದು ಹೆಡ್‌ಮಾಸ್ತರು ಹೋದರೆಂಬ ದುಃಖವೋ ಕುರ್ಚಿ ಹೋಯಿತೆಂಬ ದುಃಖವೋ ತಿಳಿಯಲಿಲ್ಲ.

ಅಧಿಕಾರಿ ಬರೆದದ್ದನ್ನು ಹೊಡೆದುಹಾಕಿದರು.

"ಹಂಗಾರ ಇವರು ನಮ್ಮ ಆಫೀಸಿಗೆ ನಡಿಯಂಗಿಲ್ಲ" ಅಂದರು. "ಇಲ್ಲಿ ನೀವು ಮೂರು ಮಂದಿ. ಮೂರು ಮಂದಿ ತಪ್ಪು ಒಬ್ರು ಹೊರಬಹುದು. ಅಲ್ಲಿ ಇಡೀ ತಾಲೂಕಿನ ತಪ್ಪು ಬಂದು ಬೀಳತಾವ. ಎಲ್ಲಾ ನಂದು ನಂದು ಅನಕೋತ ಕುಂತ್ರ ಎಂಟು ದಿನದಾಗ ಮನಶ್ಯಾ ಮನೀಗೆ ಹೊಕ್ಕಾನ. ಇಲ್ಲೇ ಇರಲಿ." ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು, "ನಿಮ್ಮ ಬೈಗುಳ ಭಾಳ ಚಲೋ ಇದ್ದುವ್ರಿ" ಎಂದು ಹೊರಟುಹೋದರು.

ಮೂವರನ್ನೂ ಒಟ್ಟಿಗೆ ಗಿಡದ ಕಡೆ ಕರೆದದ್ದು ಅದೇ ಮೊದಲು.

"ಮೂರು ಮಂದಿ ಕಲತವರು ಕೂಡಿ ಒಂದು ಸುಳ್ಳು ನೆಟ್ಟಗ ಹೇಳಾಕ ಆಗಲಿಲ್ಲಲ್ರಿ" ಅಂದರು ಹೆಡ್‌ಮಾಸ್ತರು. ಕಿಟಕಿ ತೆರೆದಿತ್ತು, ಪಡಸಾಲೆಗೆ ಎಲ್ಲ ಕೇಳಿಸಿತ್ತು. ಬೈಗುಳ ಅಲ್ಲಿಂದ ಶುರುವಾಗಿ ಬಹಳ ದೂರ ಹೋಯಿತು. ನಡುವೆ ಅವರು ಉಸಿರು ತೆಗೆದುಕೊಂಡಾಗ ನನಗೆ ಒಂದು ವಿಷಯ ಹೊಳೆಯಿತು. ಇಷ್ಟೆಲ್ಲ ಮಾಡಿದ ನಾವು ಅವರನ್ನೇ ಕೇಳಿರಲಿಲ್ಲ.

"ನಿಮಗ ಹೋಗೂ ಮನಸ್ಸಿತ್ತೇನ್ರಿ ಸರ್?"

"ಈಗ ಕೇಳಾಕತ್ತೀರಿ?" ಎಂದು ಬೇವಿನ ಗಿಡವನ್ನು ಮೇಲಿನವರೆಗೆ ನೋಡಿದರು. "ಹೋದ ವಾರ ಹೋಗಿ ನೋಡಿ ಬಂದೇನ್ರಿ. ಆ ಆಫೀಸಿನ ಹಿಂದ ಒಂದೂ ಗಿಡ ಇಲ್ಲ."

ನನಗೆ ಧೈರ್ಯ ಬಂತು. "ಎಲಿ ತೋಟದವರಿಗೂ ಇವತ್ತಽ ಖರೆ ಹೇಳಿಬಿಡ್ತೇನ್ರಿ."

"ಬ್ಯಾಡ್ರಿ ಅಕ್ಕೋರ" ಎಂದು ಅವರು ಗಾಬರಿಯಾದರು. "ನನಗ ಲೆಕ್ಕ ಬರಂಗಿಲ್ಲಂತ ಮರುಗಿ, ಎಲಿ ಕೊಡೂಮುಂದ ಪ್ರತಿ ಸಲ ಹತ್ತು ಹೆಚ್ಚಿಗಿ ಹಾಕ್ತಾರ. ಮನಿಗೆ ಹೋಗಿ ಎಣಿಸೇನಿ, ಒಮ್ಮೆನೂ ತಪ್ಪಿಲ್ಲ."

ತಿರುಗಿ ಬರುವಾಗ ನಾಲ್ವರೂ ಮಳೆಯ ಮಾತಾಡುತ್ತ ಬಂದೆವು. ಸುಡು ಬಿಸಿಲಿತ್ತು. ಪಡಸಾಲೆಯಲ್ಲಿ ಮಕ್ಕಳು ನಮ್ಮ ಮುಖ ನೋಡಿ, ಒಬ್ಬರನ್ನೊಬ್ಬರು ತಿವಿದುಕೊಂಡು, ಮಗ್ಗಿ ಮುಂದುವರಿಸಿದರು.